ಕುಚ್ಚಲಕ್ಕಿಯ ಬೆಲೆ

ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಊಟವೆಂದರೆ ಕುಚ್ಚಲಕ್ಕಿ. ಬೆಲೆ ಏರಿದರೂ ಬೆಳ್ತಿಗೆಗೆ, ಅಂದರೆ ಬಿಳಿ ಅಕ್ಕಿಗೆ, ಹೊರಳುವವರು ಕಡಿಮೆ. ಮುಂಗಾರಿನ ಭತ್ತ ಕೊಯ್ದೊಡನೆ, ಒಣಗಿಸಲು ಜಾಗವಿಲ್ಲದ, ಕಟಾವು ಯಂತ್ರದ ಬಾಡಿಗೆ ತೆರಬೇಕಾದ ರೈತ ಹಸಿ ಭತ್ತವನ್ನೇ ಮಿಲ್ಲಿಗೆ ಕೊಡುತ್ತಾನೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ಆಮೇಲೆ ತೆರೆದರೆ ಅವನಿಗೆ ಪ್ರಯೋಜನವಿಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುವುದರಿಂದ ಉರುವಲು, ವಿದ್ಯುತ್, ಕೂಲಿಯ ಏರಿಕೆಯೂ ಚೀಲದ ದರಕ್ಕೆ ಸೇರುತ್ತದೆ. ಭತ್ತ ಮಾರಿದವನೇ ಮಳೆಗಾಲದಲ್ಲಿ ತುಟ್ಟಿ ಅಕ್ಕಿ ಕೊಳ್ಳುವ ಪಾಡು ನಿಜಕ್ಕೂ ಅನ್ಯಾಯ.

ಅಕ್ಕಿಯ ಬೆಲೆ ತಡೆಯಲು 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಷೇಧಿಸಿತು. ಆಗಸ್ಟ್‌ನಲ್ಲಿ ಕುಚ್ಚಲಕ್ಕಿ ರಫ್ತಿಗೆ ಶೇ. 20 ಸುಂಕ ಹಾಕಿತು. ಅದೇ ವರ್ಷ ಅನ್ನಭಾಗ್ಯ ಯೋಜನೆಯ ಹೆಚ್ಚುವರಿ 5 ಕಿಲೋಗೆ ಅಕ್ಕಿ ಸಿಗದೆ ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಹಣ ಕೊಟ್ಟಿತು. ಅಂಗಡಿಯ ಕುಚ್ಚಲಕ್ಕಿಗೆ ಅದು ಸಾಲುತ್ತಿರಲಿಲ್ಲ.