ಏರ್‌ಗನ್ನಿಗೆ ಶ್ರುತಿ ಹಿಡಿಯುವುದು

ಜಾತ್ರೆಯಲ್ಲಿ ಬಲೂನು ಹೊಡೆಸುವವನು ಬಂದೂಕು ಕೈಗೆ ಕೊಡುವಾಗ ತಪ್ಪದೆ ಹೇಳುತ್ತಾನೆ: ‘ಖಾಲಿ ಒತ್ಬೇಡಿ ಸಾರ್, ಹಾಳಾಗುತ್ತೆ.’ ಗುಂಡೇ ಇಲ್ಲದೆ ಟ್ರಿಗರ್ ಒತ್ತಿದರೆ ಹಾಳಾಗುವುದಾದರೂ ಏನು? ದುಡ್ಡು ಕೊಡದೆ ಆಟ ಆಡಿಯಾರು ಎಂಬ ಉಪಾಯ ಇರಬೇಕು ಅಂತ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಅವನು ಹೇಳುತ್ತಿದ್ದುದು ಅಪ್ಪಟ ಭೌತವಿಜ್ಞಾನ ಎಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಸ್ಪ್ರಿಂಗ್ ಏರ್‌ಗನ್ನಿನ ನಳಿಗೆಯನ್ನು ಮಡಚಿ ಎಳೆದಾಗ ಒಳಗೆ ಗಾಳಿ ಒತ್ತಿ ತುಂಬಿಕೊಳ್ಳುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ಹಾಗೇನೂ ಆಗುವುದಿಲ್ಲ. ಒಂದು ಗಟ್ಟಿ ಸ್ಪ್ರಿಂಗ್ ಬಿಗಿಯಾಗಿ ಕೊಂಡಿಗೆ ಸಿಕ್ಕಿ ನಿಲ್ಲುತ್ತದೆ, ಅಷ್ಟೇ. ಸ್ಪ್ರಿಂಗಿನ ಮುಂದೆ ಪಿಸ್ಟನ್, ಪಿಸ್ಟನ್ನಿನ ಮುಂದೆ ಮಾಮೂಲಿ ಗಾಳಿ. ಸೈಕಲ್ ಪಂಪು ಬಿಚ್ಚಿದವರಿಗೆ ಇದು ಹೊಸತಲ್ಲ. ಹಳೆಯ ಏರ್‌ಗನ್ನುಗಳ ಪಿಸ್ಟನ್ನಿಗೆ ಪಂಪಿನ ಹಾಗೆಯೇ ಚರ್ಮದ ವಾಷರ್ ಇರುತ್ತಿತ್ತು. ಟ್ರಿಗರ್ ಒತ್ತಿದೊಡನೆ ಪಿಸ್ಟನ್ ಮುನ್ನುಗ್ಗಿ, ಸುಮಾರು ಮೂರು ಮಿಲಿಮೀಟರಿನ ಒಂದು ತೂತಿನ ಕಡೆಗೆ ಗಾಳಿಯನ್ನು ಅದುಮುತ್ತದೆ. ತೂತಿನ ಆಚೆ ಸೀಸದ ಪೆಲೆಟ್ ಬಿರಡೆಯಂತೆ ಕೂತಿರುತ್ತದೆ. ಅದು ಕೂಡಲೇ ಜಾಗ ಬಿಡುವುದಿಲ್ಲ. ಒತ್ತಡ ಸಾಕಷ್ಟು ಏರಿ ಅದು ಕದಲುವ ಹೊತ್ತಿಗೆ ಪಿಸ್ಟನ್ನಿನ ಓಟ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತದೆ. ಮುಂದೆ ಉಳಿದ ಚೂರು ಗಾಳಿ ಈಗ ಮೆತ್ತೆಯಾಗಿ, ಪಿಸ್ಟನ್ನನ್ನು ಗೋಡೆಗೆ ಬಡಿಯದಂತೆ ತಡೆದು ತುಸು ಹಿಂದಕ್ಕೂ ಚಿಮ್ಮಿಸುತ್ತದೆ. ಪೆಲೆಟ್ ಇಲ್ಲದಿದ್ದರೆ ಗಾಳಿ ಸಲೀಸಾಗಿ ಹೊರಗೆ ಹೋಗುತ್ತದೆ, ಮೆತ್ತೆ ಇಲ್ಲ, ಪಿಸ್ಟನ್ ಹೋಗಿ ಉಕ್ಕಿನ ಗೋಡೆಗೆ ಅಪ್ಪಳಿಸುತ್ತದೆ. ಜಾತ್ರೆಯವನ ಗೋಳು ಇದೇ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಪಿಸ್ಟನ್ 300 ಗ್ರಾಂ ತೂಗುತ್ತದೆ, 80 ಮಿಲಿಮೀಟರ್ ಓಡುತ್ತದೆ, ಬಂದೂಕಿನ ಉಳಿದ ತೂಕ 3.6 ಕಿಲೋ ಅಂತಿಟ್ಟುಕೊಳ್ಳಿ. ಪಿಸ್ಟನ್ ಮುಂದೆ ಹೋದಷ್ಟೂ ಬಂದೂಕು ಹಿಂದೆ ಸರಿಯಲೇಬೇಕು. 300ನ್ನು 80ರಿಂದ ಗುಣಿಸಿ ಎರಡೂ ಸೇರಿದ ತೂಕ 3900ರಿಂದ ಭಾಗಿಸಿದರೆ ಆರು ಮಿಲಿಮೀಟರಿಗೂ ಹೆಚ್ಚು. ಇಷ್ಟೆಲ್ಲ ನಡೆಯುವುದು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ, ಅದೂ ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗ. ಪಿಸ್ಟನ್ ಮೆತ್ತೆಗೆ ಬಡಿದಾಗ ಬಂದೂಕು ಮತ್ತೆ ಮುಂದಕ್ಕೆ ಜಗ್ಗುತ್ತದೆ. ಸಿಡಿಮದ್ದಿನ ದೊಡ್ಡ ರೈಫಲ್ಲಿನ ಒದೆತ ತಾಳಿಕೊಳ್ಳುವ ದುರ್ಬೀನು ಈ ಪುಟ್ಟ ಬಂದೂಕಿನ ಮೇಲೆ ಕೂತು ಕೆಡುವುದುಂಟು. ಹಿಂದಿನ ಒದೆತಕ್ಕೆ ಅದು ಸಿದ್ಧ, ಮುಂದಿನ ಜಗ್ಗಿಗೆ ಅಲ್ಲ. ಬಲ್ಲವರು ಇದನ್ನು ಬಿಗಿಯಾಗಿ ಅಪ್ಪಿ ಹಿಡಿಯುವುದಿಲ್ಲ. ಅಂಗೈ ಮೇಲೆ ಮಗು ಮಲಗಿಸಿದಂತೆ ಮಲಗಿಸಿ, ಅದರ ಪಾಡಿಗೆ ಓಲಾಡಲು ಬಿಡುತ್ತಾರೆ. ಪ್ರತಿಸಲವೂ ಒಂದೇ ರೀತಿ ಓಲಾಡಿದರೆ ಗುಂಡೂ ಒಂದೇ ಕಡೆ ಬೀಳುತ್ತದೆ.

ಈ ಓಲಾಟವನ್ನು ಪಳಗಿಸುವುದೇ ಒಂದು ಹವ್ಯಾಸವಾಗಿ ಬೆಳೆದದ್ದು ಬ್ರಿಟನ್ನಿನಲ್ಲಿ. ಲಿಂಕನ್ ಜೆಫ್ರೀಸ್ ಎಂಬಾತನ ವಿನ್ಯಾಸದ ಏರ್‌ರೈಫಲ್ಲನ್ನು ಬರ್ಮಿಂಗ್‌ಹ್ಯಾಮಿನ ಬಿಎಸ್ಎ ಕಾರ್ಖಾನೆ 1905ರಿಂದ ತಯಾರಿಸತೊಡಗಿತು. 1969ರ ನಿಯಮ ಬಂದ ಮೇಲೆ, ಪೆಲೆಟ್ಟಿನ ಶಕ್ತಿ 12 ಅಡಿ-ಪೌಂಡು, ಅಂದರೆ ಸುಮಾರು 16.3 ಜೌಲ್ ದಾಟಿದರೆ ಅಂಥ ಏರ್‌ರೈಫಲ್ಲಿಗೆ ಅಲ್ಲಿ ಬೇರೆ ಬಂದೂಕುಗಳಂತೆಯೇ ಪೊಲೀಸರ ಪ್ರಮಾಣಪತ್ರ ಬೇಕು. ಬಲ ಹೆಚ್ಚಿಸುವ ದಾರಿ ಮುಚ್ಚಿದ್ದರಿಂದ ಹಿತ್ತಿಲ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡ ಹವ್ಯಾಸಿಗಳು ನಯದ ಕಡೆಗೆ ಹೊರಳಿದರು. ಕಾನೂನು ಕಲೆಗೆ ಉಪಕಾರ ಮಾಡಿದ ಅಪರೂಪದ ಉದಾಹರಣೆ ಇದು ಅಂತ ನನಗನ್ನಿಸುತ್ತದೆ.

ಅವರು ಇದಕ್ಕೆ ಟ್ಯೂನಿಂಗ್ ಎನ್ನುತ್ತಾರೆ. ನಮ್ಮ ‘ಶ್ರುತಿ’ ಇಲ್ಲಿ ಇನ್ನೂ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಕೆಲಸ ಶುರುವಾಗುವುದೇ ಕಿವಿಯಿಂದ. ಕಾರ್ಖಾನೆಯಿಂದ ಬಂದ ಅಗ್ಗದ ಬಂದೂಕು ಹೊಡೆದ ಮೇಲೆ ‘ಝಂಯ್’ ಎಂದು ಅನುರಣಿಸುತ್ತದೆ. ಸ್ಪ್ರಿಂಗಿನ ನಡುವೆ ಹಾದುಹೋಗುವ ಸರಳು ಸಡಿಲವಾಗಿ, ಸುರುಳಿಗಳು ಅದಕ್ಕೆ ತಾಗಿ ಕಂಪಿಸುವ ಸದ್ದು ಅದು. ತಂಬೂರಿಯಲ್ಲಿ ತಂತಿಯ ಕೆಳಗೆ ಜೀವಾಳಿಯ ದಾರ ತೂರಿಸಿ ಇಂಥದೇ ಝೇಂಕಾರವನ್ನು ನಾವು ಬೇಕೆಂದೇ ಹುಟ್ಟಿಸುತ್ತೇವೆ. ಬಂದೂಕಿನವನಿಗೆ ಅದನ್ನು ಅಡಗಿಸಬೇಕು. ಅವನು ಗಟ್ಟಿ ಪ್ಲಾಸ್ಟಿಕ್ಕಿನ ದಂಡವೊಂದನ್ನು ಲೇತಿನಲ್ಲಿ ಕಡೆದು, ಸ್ಪ್ರಿಂಗಿನೊಳಗೆ ಒತ್ತಿದರೆ ಮಾತ್ರ ಹೋಗುವಷ್ಟು ಬಿಗಿಯಾಗಿ ಕೂಡಿಸುತ್ತಾನೆ. ಸ್ಪ್ರಿಂಗಿನ ತುದಿಗಳನ್ನು ಕನ್ನಡಿಯಂತೆ ಉಜ್ಜುತ್ತಾನೆ. ಸಿಲಿಂಡರಿನ ಸೀಳುಗಂಡಿಯ ಅಂಚನ್ನೂ ಅರದಿಂದ ಮೆತ್ತಗೆ ತೀಡುತ್ತಾನೆ, ಇಲ್ಲದಿದ್ದರೆ ಪಿಸ್ಟನ್ನಿಗೆ ವಾಷರಿನಂತಿರುವ ಹೊಸ ಸೀಲು ಒಳಗೆ ಹೋಗುವಾಗಲೇ ಬ್ಲೇಡಿಗೆ ಸಿಕ್ಕಂತೆ ಸೀಳಿಹೋಗುತ್ತದೆ.

ಬಿಚ್ಚುವುದು ಮಾತ್ರ ಹುಡುಗಾಟವಲ್ಲ. ಸ್ಪ್ರಿಂಗು ವಿರಾಮದಲ್ಲಿದ್ದಾಗಲೂ ಕೆಲವು ಸೆಂಟಿಮೀಟರ್ ಅದುಮಿಕೊಂಡೇ ಇರುತ್ತದೆ. ಹಿಂದಿನ ಪಿನ್ನು ತಟ್ಟಿ ತೆಗೆದರೆ ಒಳಗಿನ ಸಾಮಾನು ಎದುರಿಗಿದ್ದವರ ಹಲ್ಲಿಗೆ ಬಂದೀತು. ತಿರುಪಿನ ಕ್ಲ್ಯಾಂಪಿನಲ್ಲಿ ಒತ್ತಿ ಹಿಡಿದು, ಇಷ್ಟಿಷ್ಟೇ ಬಿಡಬೇಕು.

ಇನ್ನು ಗ್ರೀಸಿನ ವಿಚಾರ. ಪಿಸ್ಟನ್ ಗಾಳಿಯನ್ನು ಅದುಮುವ ವೇಗಕ್ಕೆ ಬಿಸಿ ಹೊರಗೆ ಹೋಗಲು ಪುರಸೊತ್ತಿಲ್ಲ. ಗಾಳಿ ಕ್ಷಣಮಾತ್ರದಲ್ಲಿ ನೂರಾರು ಡಿಗ್ರಿಗೆ ಏರುತ್ತದೆ. ಅಲ್ಲಿ ಎಣ್ಣೆಯ ಪಸೆ ಇದ್ದರೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಕಾರ್ಡ್ಯೂ ಎಂಬುವರು ಮತ್ತು ಅವರ ಸಂಗಡಿಗರು ಒಂದು ಸೊಗಸಾದ ಪ್ರಯೋಗ ಮಾಡಿದರು. ಏರ್‌ರೈಫಲ್ಲಿಗೆ ಗಾಳಿಯ ಬದಲು ನೈಟ್ರೋಜನ್ ಉಣಿಸಿ ಹೊಡೆದರು. ಆಮ್ಲಜನಕ ಇಲ್ಲದೆ ಏನೂ ಉರಿಯಲಾರದು. ಪೆಲೆಟ್ಟಿನ ವೇಗ ಗಣನೀಯವಾಗಿ ಕುಸಿಯಿತು! ಎಲ್ಲರೂ ಬರಿಯ ಗಾಳಿಯ ಕಸುವು ಅಂದುಕೊಂಡಿದ್ದರಲ್ಲಿ ಒಂದು ಪಾಲು ಸದ್ದಿಲ್ಲದೆ ಉರಿಯುತ್ತಿದ್ದ ಎಣ್ಣೆಯದು ಎಂದು ಅವರು ವಾದಿಸಿದರು.

ಆದರೆ ಎರಡು ಹನಿ ಹೆಚ್ಚಾದರೆ ಉರಿಯುವುದು ಸಿಡಿತವಾಗುತ್ತದೆ. ಟಪ್ ಅನ್ನಬೇಕಾದ್ದು ಢಂ ಅನ್ನುತ್ತದೆ, ನಳಿಗೆಯ ಬಾಯಲ್ಲಿ ಹೊಗೆ ಬರುತ್ತದೆ, ಹೊಡೆಯುವವನಿಗೆ ಖುಷಿಯೋ ಖುಷಿ. ಒಳಗೆ ಸೀಲು ಸುಡುತ್ತಿರುತ್ತದೆ, ಒಂದು ಗುಂಡಿನ ವೇಗಕ್ಕೂ ಇನ್ನೊಂದಕ್ಕೂ ತಾಳಮೇಳ ಇರುವುದಿಲ್ಲ. ಅದಕ್ಕೇ ಬಲ್ಲವರು ಪಿಸ್ಟನ್ನಿನ ಪಕ್ಕಗಳಿಗೆ ಮಾಲಿಬ್ಡಿನಂ ಬೆರೆಸಿದ ಕಪ್ಪು ಗ್ರೀಸನ್ನು ಕಾಡಿಗೆ ಹಚ್ಚಿದಷ್ಟು ತೆಳುವಾಗಿ ಸವರುತ್ತಾರೆ. ಸೀಲಿನ ಮುಂದೆ ಏನೂ ಇರಬಾರದು.

ಇನ್ನೂ ಬಲವಾದ ಸ್ಪ್ರಿಂಗು ಹಾಕಿದರೆ? ಹೊಸಬರೆಲ್ಲ ಮೊದಲು ಮಾಡುವುದೇ ಇದನ್ನು. ಪಿಸ್ಟನ್ ಇನ್ನೂ ಜೋರಾಗಿ ಬಂದು, ಇನ್ನೂ ಜೋರಾಗಿ ಹಿಂದಕ್ಕೆ ಪುಟಿಯುತ್ತದೆ. ಹೆಚ್ಚಿಗೆ ತುಂಬಿದ ಶಕ್ತಿಯ ಬಹುಪಾಲು ಪೆಲೆಟ್ಟಿಗೆ ದಕ್ಕದೆ ಒದೆತವಾಗಿ ಹೆಗಲಿಗೆ ಬರುತ್ತದೆ. ಒಳ್ಳೆಯ ಬಂದೂಕಿನಲ್ಲಿಯೂ ಸ್ಪ್ರಿಂಗಿನ ಶಕ್ತಿಯಲ್ಲಿ ಅರ್ಧಕ್ಕಿಂತ ಕಡಿಮೆಯೇ ಪೆಲೆಟ್ಟನ್ನು ಮುಟ್ಟುವುದು. ನಮ್ಮಲ್ಲಿ ಕಾನೂನಿನ ತೊಡಕೂ ಇದೆ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೌಲ್ ಅಥವಾ 4.5 ಮಿಲಿಮೀಟರ್ ವ್ಯಾಸ, ಎರಡರಲ್ಲಿ ಯಾವುದು ಮೀರಿದರೂ ಪರವಾನಗಿ ಬೇಕು.

ಎಲ್ಲ ಜೋಡಿಸಿದ ಮೇಲೆ ಶೆಡ್ಡಿನವನು ವೇಗ ಅಳೆಯುವ ಕ್ರೋನೋಗ್ರಾಫಿನ ಮುಂದೆ ಕೂರುತ್ತಾನೆ. 0.55 ಗ್ರಾಮಿನ ಪೆಲೆಟ್ ಸೆಕೆಂಡಿಗೆ 240 ಮೀಟರ್ ಓಡಿದರೆ 15.8 ಜೌಲ್ ಆಯಿತು, ಬ್ರಿಟನ್ನಿನ ಗೆರೆಯ ಒಳಗೇ. ಎಷ್ಟೋ ಸಲ ಈ ಅಂಕಿ ಬಿಚ್ಚುವ ಮೊದಲು ಇದ್ದುದಕ್ಕಿಂತ ಕಡಿಮೆ ಬರುತ್ತದೆ, ಉರಿಯುತ್ತಿದ್ದ ಎಣ್ಣೆ ಈಗ ಇಲ್ಲವಲ್ಲ. ಅದರ ಚಿಂತೆ ಅವನಿಗಿಲ್ಲ. ಹತ್ತು ಸಲ ಹೊಡೆದು, ಹತ್ತು ಅಂಕಿಯನ್ನೂ ಒಂದರ ಕೆಳಗೊಂದು ಬರೆದು, ಅವು ಎಷ್ಟು ಹತ್ತಿರ ಹತ್ತಿರ ಇವೆ ಎಂದಷ್ಟೇ ನೋಡುತ್ತಾನೆ.