ಕಮಾನು ಮನೆಯ ಹಾಳೆ: ಬಿಸಿಲಲ್ಲೇ ಎಳೆಯಿರಿ

ನಮ್ಮದು ಕುಂದಗೋಳ ತಾಲ್ಲೂಕಿನ ಎರೆ ಭೂಮಿ. ಬೋರು ಇಲ್ಲ, ಮಳೆ ನಂಬಿದ ಒಕ್ಕಲುತನ. ಮುಖ್ಯ ಬೆಳೆ ಬ್ಯಾಡಗಿ ಮೆಣಸಿನಕಾಯಿ, ಜೊತೆಗೆ ಒಂದಿಷ್ಟು ಹತ್ತಿ, ಶೇಂಗಾ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಕಣದಲ್ಲಿ. ಹರವಿದ ಕಾಯಿಯ ಮೇಲೆ ಒಂದು ಅಡ್ಡಮಳೆ ಬಿದ್ದರೆ ಸಾಕು, ಬೂಷ್ಟು ಹಿಡಿದು ಬಿಳಚಿಕೊಳ್ಳುತ್ತದೆ. ಅಂಥ ಚೀಲವನ್ನು ಪೇಟೆಯಲ್ಲಿ ಬಿಚ್ಚಿ ನೋಡಿದವರು ಮುಂದಿನ ಚೀಲಕ್ಕೆ ಹೋಗಿಬಿಡುತ್ತಾರೆ.

ಇದಕ್ಕಾಗಿಯೇ 2019ರ ಮಾರ್ಚಿನಲ್ಲಿ ಕಣದ ಪಕ್ಕ ಒಂದು ಪ್ಲಾಸ್ಟಿಕ್ ಕಮಾನು ಮನೆ ಮಾಡಿಕೊಂಡೆವು. ತಿಳಿದವರು ಪಾಲಿಟನಲ್ ಎನ್ನುತ್ತಾರೆ. 10 ಅಡಿ ಅಗಲ, 40 ಅಡಿ ಉದ್ದ, ನಡುವೆ ಆರೂವರೆ ಅಡಿ ಎತ್ತರ. ಬಿಸಿಲಿದ್ದಾಗ ಹೊರಗಿಗಿಂತ ಒಳಗೆ 15-20 ಡಿಗ್ರಿ ಶಾಖ ಜಾಸ್ತಿ. ಕಣದಲ್ಲಿ 12-15 ದಿನ ಹಿಡಿಯುತ್ತಿದ್ದ ಕಾಯಿ ಇಲ್ಲಿ ಆರೇಳು ದಿನಕ್ಕೆ ಗಲಗಲ ಅನ್ನುತ್ತದೆ. ನಡುಮಧ್ಯಾಹ್ನ ಎರಡೂ ಬಾಗಿಲು ತೆಗೆಯಲೇಬೇಕು, ಇಲ್ಲದಿದ್ದರೆ ಕಾಯಿ ಕಪ್ಪಾಗುತ್ತದೆ. ಭಾದ್ರಪದ ಕಳೆದ ಮೇಲೆ ಶೇಂಗಾಕ್ಕೂ ಇದೇ ಆಸರೆ.

ಒಣಗಿಸುವ ವಿಚಾರ ಇನ್ನೊಮ್ಮೆ ಬರೆದೇನು. ಈಗ ಹಾಳೆ ಹೊದಿಸುವ ಕೆಲಸದ ಬಗ್ಗೆ ಅಷ್ಟೇ. ನೋಡಲು ಬಂದವರೆಲ್ಲ ಪೈಪಿನ ಲೆಕ್ಕ ಕೇಳುತ್ತಾರೆ, ಹಾಳೆ ಹೇಗೆ ಎಳೆದಿರಿ ಎಂದು ಕೇಳುವವರು ಕಡಿಮೆ. ಪೈಪು ವರ್ಷಗಟ್ಟಲೆ ಇರುತ್ತದೆ. ಮತ್ತೆ ಮತ್ತೆ ರೊಕ್ಕ ಕೇಳುವುದು ಹಾಳೆ. ನಮ್ಮೂರಲ್ಲೇ ಇನ್ನೊಬ್ಬರ ಹಾಳೆ ಮೊದಲ ಆಷಾಢಕ್ಕೇ ಚಿಂದಿಯಾಗಿ ಜಾಲಿ ಗಿಡಕ್ಕೆ ನೇತಾಡಿತು. ನಮ್ಮದು ನಾಲ್ಕು ವರ್ಷ ಬಾಳಿತು. ಅದೇ ಅಂಗಡಿಯ ಮಾಲು, ಅದೇ ಗಾಳಿ. ಅವರು ಹೊದಿಸಿದ್ದು ಧನುರ್ಮಾಸದ ತಂಪು ಹೊತ್ತಿನಲ್ಲಿ, ನಾವು ಮಾರ್ಚಿನ ಬಿಸಿಲಲ್ಲಿ. ಹೆಚ್ಚು ಕಡಿಮೆ ಇಷ್ಟೇ ವ್ಯತ್ಯಾಸ.

ಇದನ್ನು ನನಗೆ ತಿಳಿಸಿ ಹೇಳಿದವರು ನಮ್ಮೂರ ಕಂಬಾರ ಕಾಕಾ. ‘ತಮ್ಮಾ, ಗಾಲಿಗೆ ಕಬ್ಬಿಣದ ಪಟ್ಟಾ ಏರಸೂದು ನೋಡೀಯಿಲ್ಲೋ? ಕಾಯ್ದಾಗ ಹಿಗ್ಗತೈತಿ, ಆರಿದಾಗ ಕುಗ್ಗಿ ಹಿಡಕೋತೈತಿ. ನಿನ್ನ ಪ್ಲಾಸ್ಟಿಕ್ಕೂ ಹಂಗ’ ಅಂದರು. ಮಾತು ಖರೆ. ಬಿಸಿಲಿಗೆ ಹಿಗ್ಗಿದ ಹಾಳೆಯನ್ನು ಎಳೆದು ಹೂತರೆ ಸಂಜೆ ತಂಪಿಗೆ ತಾನೇ ಬಿಗಿಯುತ್ತದೆ. ತಂಪಿನಲ್ಲಿ ಎಷ್ಟೇ ಜಗ್ಗಿ ಕಟ್ಟಿರಿ, ಏಪ್ರಿಲ್ ಮಧ್ಯಾಹ್ನ ಅದು ಜೋಲು ಬೀಳುವುದೇ. ಜೋಲು ಬಿದ್ದ ಹಾಳೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ, ಬಡಿದುಕೊಂಡಲ್ಲೆಲ್ಲ ಪೈಪಿಗೆ ಉಜ್ಜುತ್ತದೆ, ಉಜ್ಜಿದಲ್ಲಿ ಹರಿಯುತ್ತದೆ. ಗಾಳಿಯ ಜೋರಿಗಿಂತ ಈ ಬಡಿತವೇ ಹಾಳೆಯನ್ನು ತಿನ್ನುವುದು.

ಮೊದಲು ಕೊಳ್ಳುವ ಮಾತು. ಬಿಸಿಲು ತಡೆಯುವ ಯುವಿ ಹಾಳೆಯೇ ಬೇಕು, 200 ಮೈಕ್ರಾನ್ ದಪ್ಪದ್ದು. ಕಟ್ಟಡಕ್ಕೆ ಬಳಸುವ ಸಾದಾ ಬಿಳಿ ಹಾಳೆ ನಮ್ಮ ಬಿಸಿಲಿಗೆ ಒಂದೇ ವರ್ಷದಲ್ಲಿ ಹಪ್ಪಳ. ದಪ್ಪವನ್ನು ಕಣ್ಣಿನಿಂದ ಅಳೆಯಲಾಗುವುದಿಲ್ಲ, ತೂಕ ಹಾಕಿಸಿ. 200 ಮೈಕ್ರಾನ್ ಹಾಳೆ ಚದರ ಮೀಟರಿಗೆ ಸುಮಾರು 185 ಗ್ರಾಂ ತೂಗಬೇಕು. ನಾವು ತಂದದ್ದು 7 ಮೀಟರ್ ಅಗಲ, 17 ಮೀಟರ್ ಉದ್ದ. ಅಂದರೆ 119 ಚದರ ಮೀಟರ್, ತೂಕ 22 ಕಿಲೊ ಆಸುಪಾಸು. 17-18 ಕಿಲೊ ಬಂದರೆ ತೆಳು ಹಾಳೆ ಕೊಟ್ಟಿದ್ದಾರೆ ಎಂದೇ ಅರ್ಥ.

ಕಮಾನಿಗೆ ಮುಕ್ಕಾಲು ಇಂಚಿನ ಜಿಐ ಪೈಪು. 20 ಅಡಿಯ ಒಂದು ಪೈಪಿಗೆ ಸರಿಯಾಗಿ ಒಂದು ಕಮಾನು, ಐದು ಅಡಿಗೊಂದರಂತೆ ಒಂಬತ್ತು. ಪಿವಿಸಿ ಸೋವಿ ಎಂದು ಅದಕ್ಕೆ ಹೋಗಬೇಡಿ, ಪಿವಿಸಿ ತಾಗಿದಲ್ಲಿ ಈ ಹಾಳೆ ಬೇಗ ಕೆಡುತ್ತದೆ. ಉದ್ದಕ್ಕೆ ಕಟ್ಟುವ ಪೈಪುಗಳು ಕಮಾನಿನ ಕೆಳಗೆ ಬರಬೇಕು, ಮೇಲೆ ಅಲ್ಲ. ತಂತಿಯ ಗಂಟುಗಳೆಲ್ಲ ಒಳಮುಖ. ಕಬ್ಬಿಣ ಕಾದು ಹಾಳೆಯನ್ನು ಸುಡುತ್ತದೆ, ಅದಕ್ಕೆ ಪ್ರತಿ ಕಮಾನಿಗೂ ಹಳೆ ಬಿಳಿ ಧೋತರ ಹರಿದು ಪಟ್ಟಿ ಸುತ್ತಿದ್ದೇವೆ. ಮನೆಯವಳು ಒಂದು ಧೋತರ ಒಳ್ಳೆಯದಿತ್ತು ಎಂದು ಇನ್ನೂ ಅನ್ನುತ್ತಾಳೆ!

ಕಮಾನು ನಿಲ್ಲಿಸಲು ಒಂದು ಇಂಚಿನ ಪೈಪಿನ ಗೂಟಗಳನ್ನು ಹೂತು, ಅದರೊಳಗೆ ಕಮಾನಿನ ಕಾಲನ್ನು ಅರ್ಧ ಅಡಿ ಇಳಿಸುವುದು. ಗೂಟಕ್ಕೆ ಒಂದು ಇಂಚಿಗೊಂದರಂತೆ ಮೂರು ತೂತು ಹಾಕಿಸಿ, ಕಮಾನು ಕೆಳಗಿನ ತೂತಿನ ಬೋಲ್ಟಿನ ಮೇಲೆ ಕೂರಲಿ. ಇದರ ಉಪಯೋಗ ಆಮೇಲೆ ಹೇಳುತ್ತೇನೆ.

ಅಗಳು ಕಮಾನಿಗೆ ತಾಗಿದಂತೆಯೇ ಎರಡೂ ಬದಿಗೆ, ಒಂದಡಿ ಆಳ, ಒಂದಡಿ ಅಗಲ. ಹಿಂಗಾರಿ ಹಸಿ ಇರುವಾಗಲೇ ತೋಡಿಡಿ, ಬೇಸಿಗೆಯಲ್ಲಿ ಎರೆ ಮಣ್ಣಿಗೆ ಹಾರೆಯೂ ಇಳಿಯುವುದಿಲ್ಲ. ಮಸಾರಿ ನೆಲದವರು ತೆಗೆದ ಮಣ್ಣನ್ನೇ ತಿರುಗಿ ತುಂಬಬಹುದು. ನಮ್ಮಂಥ ಎರೆ ನೆಲದವರು ತುಂಬಬಾರದು. ಎರೆ ಮಣ್ಣು ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಹೂತ ಹಾಳೆ ಹಿಡಿತ ತಪ್ಪಿ ಮೇಲೆ ಬರುತ್ತದೆ. ಎರಡು ಟ್ರಾಲಿ ಗರಸು ತರಿಸಿ ನೀರು ಚಿಮುಕಿಸಿ ದಮ್ಮಸು ಮಾಡಿದರೆ ಕಲ್ಲಿನ ಹಾಗೆ ಕೂರುತ್ತದೆ. ಇಷ್ಟು ಖರ್ಚಿಗೆ ಹಿಂದೆ ಮುಂದೆ ನೋಡುವುದಾದರೆ ಎರೆ ಹೊಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ.

ಹೊದಿಸುವ ದಿನ ಬೇವಿನ ಎಲೆ ಅಲುಗಬಾರದು. ಎಂಟು ಮಂದಿ ಬೇಕು. ಬೆಳಿಗ್ಗೆ ಏಳೂವರೆಗೆ ಹಾಳೆಯನ್ನು ಕಮಾನುಗಳ ಮೇಲೆ ಹಾಯಿಸಿ, ಅಂಚಿಗೆ ಉಸುಕಿನ ಚೀಲ ಇಟ್ಟು ಬಿಟ್ಟುಬಿಡಿ. ಕಲ್ಲು ಇಡಬೇಡಿ, ತೂತು ಬೀಳುತ್ತದೆ. ಊಟ ಮಾಡಿ ಬನ್ನಿ. ಹನ್ನೊಂದರ ಹೊತ್ತಿಗೆ ಹಾಳೆ ಕಾದು ಮೆತ್ತಗಾಗಿರುತ್ತದೆ. ಆಗ ಮೊದಲು ಉದ್ದಕ್ಕೆ ಎಳೆಯುವುದು. ಒಂದು ತುದಿಯ ಬಾಗಿಲ ಚೌಕಟ್ಟಿನ ಮೇಲ್ಪಟ್ಟಿಗೆ ಹಾಳೆಯನ್ನು ಬಿದಿರಿನ ದಬ್ಬೆಯಿಂದ ಒತ್ತಿ ಮೊಳೆ ಹೊಡೆಯಿರಿ, ದಬ್ಬೆಯ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿ ಇರಲಿ. ಇನ್ನೊಂದು ತುದಿಯಲ್ಲಿ ನಾಲ್ಕು ಮಂದಿ ನಿಂತು ಒಂದೇ ಸಮ ಎಳೆದು ಅಲ್ಲೂ ಹಾಗೆಯೇ. ಜಗ್ಗಾಡಬಾರದು, ಒಬ್ಬನ ಕೈ ಜೋರಾದರೆ ಅಲ್ಲಿ ಹಾಳೆ ತೆಳುವಾಗುತ್ತದೆ.

ಆಮೇಲೆ ಬದಿಗಳು. ನಟ್ಟನಡುವಿನ ಕಮಾನಿನಿಂದ ಶುರು ಮಾಡಿ. ಆ ಬದಿ ಇಬ್ಬರು, ಈ ಬದಿ ಇಬ್ಬರು ಎದುರುಬದುರು ನಿಂತು ಕೆಳಕ್ಕೆ ಎಳೆದು ಹಿಡಿಯಬೇಕು, ಉಳಿದವರು ಗರಸು ಹಾಕಿ ತುಳಿಯಬೇಕು. ಅಂಚು ಅಗಳಿನ ಗೋಡೆಗುಂಟ ಇಳಿದು ತಳಕ್ಕೆ ಹಾಸಿರಲಿ, ಮೇಲೆ ಬಿದ್ದ ಗರಸಿನ ಭಾರವೇ ಅದನ್ನು ಹಿಡಿಯುತ್ತದೆ. ನಡುವಿನಿಂದ ಒಮ್ಮೆ ಮೂಡಲಕ್ಕೆ, ಒಮ್ಮೆ ಪಡುವಲಕ್ಕೆ ಸರಿಯುತ್ತ ತುದಿ ಮುಟ್ಟಿ. ಒಂದೇ ಕಡೆಯಿಂದ ಹೋದರೆ ಕೊನೆಗೆ ಓರೆ ನೆರಿಗೆ ಬೀಳುತ್ತದೆ. ತುದಿಗಳಲ್ಲಿ ಉಳಿದ ಎಂಟೆಂಟು ಅಡಿಯನ್ನು ಸೀರೆಯ ನಿರಿಗೆ ಹಿಡಿದಂತೆ ಮಡಿಸಿ ಚೌಕಟ್ಟಿಗೆ ದಬ್ಬೆ ಹೊಡೆದು, ಕೆಳಗಿನದನ್ನು ಹೂಳಿ. ಬಾಗಿಲನ್ನು ಎಲ್ಲ ಬಿಗಿಯಾದ ಮೇಲೆಯೇ ಕತ್ತರಿಸುವುದು. ಒಂದೂವರೆಗೆ ಮುಗಿಯಬೇಕು, ಆಮೇಲೆ ಗಾಳಿ ಏಳುತ್ತದೆ.

ಸಂಜೆ ಅಂಗೈಯಿಂದ ತಟ್ಟಿ ನೋಡಿ. ತಮಟೆಯ ಹಾಗೆ ಧಂ ಅಂದರೆ ಸರಿ. ಪಟ್ ಪಟ್ ಅಂದರೆ ಇನ್ನೂ ಸಡಿಲ. ಆಗ ಬೇಕು ಆ ಮೂರು ತೂತು. ಒಳಗೆ ಹೋಗಿ, ಕಮಾನಿನ ಕಾಲಿಗೆ ಕ್ಲಾಂಪು ಹಾಕಿ, ಅದರ ಕೆಳಗೆ ಹಾರೆ ಕೊಟ್ಟು ಮೀಟಿ, ಬೋಲ್ಟನ್ನು ಮೇಲಿನ ತೂತಿಗೆ ಬದಲಿಸಿ. ಎರಡೂ ಕಾಲನ್ನು ಒಂದೊಂದು ಇಂಚು ಎತ್ತಿದರೆ ಎರಡು ಇಂಚು ಸಡಿಲ ಹೋಯಿತು. ಎಲ್ಲ ಕಮಾನಿಗೂ ಮಾಡಬೇಕು. ಎರಡನೇ ವರ್ಷವೂ ಇದು ಕೆಲಸಕ್ಕೆ ಬರುತ್ತದೆ.

ಆಷಾಢಕ್ಕೆ ಮೊದಲು ಎರಡು ಕಮಾನಿನ ನಡುವೆ ಒಂದೊಂದರಂತೆ ಮಂಚದ ನವಾರು ಪಟ್ಟಿ ಮೇಲಿಂದ ಹಾಯಿಸಿ ಗೂಟಕ್ಕೆ ಬಿಗಿಯುತ್ತೇವೆ. ಹಗ್ಗ ಹಾಳೆಯನ್ನು ಕೊರೆಯುತ್ತದೆ, ಪಟ್ಟಿ ಕೊರೆಯುವುದಿಲ್ಲ. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಲದ್ದು, ಹೀಗಾಗಿ ಮನೆಯ ಗಿಡ್ಡ ತುದಿ ಪಡುವಲಕ್ಕಿದೆ. ಆ ಬಾಗಿಲು ಆಷಾಢ ಪೂರ್ತಿ ಬಂದ್.

ಇನ್ನೊಂದು. ಮೆಣಸಿನ ಗಿಡದ ಬೂದಿರೋಗಕ್ಕೆ ಗಂಧಕ ಹೊಡೆಯುತ್ತೇವಲ್ಲ, ಅದು ಈ ಹಾಳೆಗೆ ವಿಷ. ಗಂಧಕದ ಚೀಲ, ಪಂಪು ಒಳಗಿಡಬೇಡಿ.

2023ರ ಮಾರ್ಚಿನಲ್ಲಿ ಎರಡನೇ ಹಾಳೆ ಹಾಕಿದೆವು. ಬಿಚ್ಚಿದ ಹಳೆಯದರಲ್ಲಿ ಕಮಾನಿನ ಗುಂಟ ಇದ್ದ ಭಾಗ ಹಳದಿ ತಿರುಗಿತ್ತು, ನಡುವಿನ ತುಂಡುಗಳು ಗಟ್ಟಿ ಇದ್ದವು. ಅವನ್ನು ಮೇವಿನ ಬಣವಿಗೆ ಹೊದಿಸಿದೆವು.