ಆಲೂರಿನಿಂದ ರಾಜಭವನಕ್ಕೆ

2008ರ ನವೆಂಬರಿನಲ್ಲಿ ಬರಾಕ್ ಒಬಾಮ ಅವರು ಅಮೆರಿಕದ ಅಧ್ಯಕ್ಷಪದವಿಗೆ ಆಯ್ಕೆಯಾದಾಗ ‘ವರ್ಣಭೇದ’ವೆಂಬ ಮಾತು ನಮ್ಮಲ್ಲಿಯೂ ಬಹಳವಾಗಿ ಕೇಳಿಬಂದಿತು. ಕನ್ನಡದಲ್ಲಿ ವರ್ಣವೆಂದರೆ ಬಣ್ಣ, ಅಕ್ಷರವೂ ಹೌದು, ಚಾತುರ್ವರ್ಣ್ಯದ ವರ್ಣವೂ ಅದೇ. ಕಡಲಾಚೆಯ ಅನ್ಯಾಯವನ್ನು ಹೇಳುವಾಗ ನಾವು ಮೊದಲನೆಯ ಅರ್ಥವನ್ನು ಹಿಡಿಯುತ್ತೇವೆ. ಮನೆಯೊಳಗಣ ಅನ್ಯಾಯಕ್ಕೆ ಜಾತಿಯೆಂಬ ಬೇರೊಂದು ಶಬ್ದವನ್ನು ಹುಡುಕುತ್ತೇವೆ. ಶಬ್ದ ಬೇರೆಯಾದುದರಿಂದ ಸಂಗತಿಯೂ ಬೇರೆಯೆಂದು ಭಾವಿಸುವುದು ಸುಲಭ.

ಅಂದು ನನ್ನ ನೆನಪಿಗೆ ಬಂದವರು ಚಾಮರಾಜನಗರದ ಬಳಿಯ ಆಲೂರಿನ ಬಿ. ರಾಚಯ್ಯನವರು. ದಲಿತ ಮನೆತನದಲ್ಲಿ ಹುಟ್ಟಿ, ಮೈಸೂರು ರಾಜ್ಯದಲ್ಲಿಯೂ ಅನಂತರ ಕರ್ನಾಟಕದಲ್ಲಿಯೂ ಮಂತ್ರಿಗಳಾಗಿದ್ದ ಅವರು, 1990ರಲ್ಲಿ ಕೆಲಕಾಲ ಹಿಮಾಚಲ ಪ್ರದೇಶದ ರಾಜ್ಯಪಾಲರಾಗಿದ್ದು, ಆ ವರ್ಷದ ಕೊನೆಯಲ್ಲಿ ಕೇರಳಕ್ಕೆ ಹೋದರು. 1995ರವರೆಗೂ ಅಲ್ಲಿದ್ದರು.

ಕೇರಳ ನಮಗೆ ದೂರದ ಸೀಮೆಯಲ್ಲ. ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಬಂದು, ಬಂಡೀಪುರದ ಕಾಡನ್ನು ದಾಟಿದರೆ ಸುಲ್ತಾನ್ ಬತ್ತೇರಿ. ಗುಂಡ್ಲುಪೇಟೆಯ ತರಕಾರಿಯೂ ಚೆಂಡುಹೂವೂ ಹೋಗುವ ಹಾದಿ ಇದು. ಕಾಡುಪ್ರಾಣಿಗಳ ಕ್ಷೇಮಕ್ಕಾಗಿ 2009ರಲ್ಲಿ ಇಲ್ಲಿ ರಾತ್ರಿಯ ವಾಹನಸಂಚಾರವನ್ನು ನಿರ್ಬಂಧಿಸಿದರು. ಆದರೆ ತಿರುವಾಂಕೂರು ಸಂಸ್ಥಾನದ ವೈಕಂನಲ್ಲಿ ದೇವಾಲಯದ ಸುತ್ತಣ ಬೀದಿಗಳು ಹಗಲಿನಲ್ಲಿಯೇ ಮುಚ್ಚಿದ್ದವು, ಅದೂ ಮನುಷ್ಯರಿಗೆ. ಅವುಗಳಲ್ಲಿ ನಡೆಯುವ ಹಕ್ಕಿಗಾಗಿ 1924ರಲ್ಲಿ ಸತ್ಯಾಗ್ರಹ ಹೂಡಬೇಕಾಯಿತು. ಮರುವರ್ಷ ಗಾಂಧೀಜಿಯವರೇ ಅಲ್ಲಿಗೆ ಬಂದರು. ಕೊನೆಗೆ ಮೂರು ದಿಕ್ಕಿನ ಬೀದಿಗಳಷ್ಟೇ ತೆರೆದವು. ದೇವಾಲಯಗಳ ಬಾಗಿಲು ತೆರೆಯಲು 1936ರ ರಾಜಘೋಷಣೆ ಬರಬೇಕಾಯಿತು.

ಅದೇ ತಿರುವಾಂಕೂರಿನ ರಾಜಧಾನಿಯಾಗಿದ್ದ ತಿರುವನಂತಪುರದ ರಾಜಭವನದಲ್ಲಿ ಆಲೂರಿನ ರಾಚಯ್ಯನವರು ಕುಳಿತರು. 1991ರಲ್ಲಿ ಕೆ. ಕರುಣಾಕರನ್ ಅವರಿಗೂ 1995ರಲ್ಲಿ ಎ.ಕೆ. ಆಂಟನಿ ಅವರಿಗೂ ಮುಖ್ಯಮಂತ್ರಿಪದದ ಪ್ರಮಾಣವಚನವನ್ನು ಬೋಧಿಸಿದವರು ಅವರೇ. ರಾಜ್ಯಪಾಲಪದವಿ ಬರಿಯ ಅಲಂಕಾರವಲ್ಲವೆ ಎಂದು ಕೇಳುವವರುಂಟು. ಇರಬಹುದು. ಆದರೆ ಅಸ್ಪೃಶ್ಯತೆ ಕಸಿದುಕೊಂಡದ್ದು ಅಧಿಕಾರವೊಂದನ್ನೇ ಅಲ್ಲ; ಎದುರಿಗೆ ನಿಲ್ಲುವುದನ್ನು, ಕಣ್ಣಿಗೆ ಬೀಳುವುದನ್ನು, ಸಮೀಪ ಬರುವುದನ್ನು. ಹತ್ತಿರ ಬಂದರೆ ಮೈಲಿಗೆಯೆಂದ ನೆಲದಲ್ಲಿ, ಆತ ಒಳಬರುವಾಗ ಸಭೆಯೆಲ್ಲ ಎದ್ದು ನಿಲ್ಲುವುದೆಂದರೆ ಅದನ್ನು ಅಲಂಕಾರವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ವೈಕಂಗೆ ದೂರವಲ್ಲದ ಉಳವೂರಿನ ಬಡ ದಲಿತ ಕುಟುಂಬದ ಮಗ, ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗುತ್ತಿದ್ದ ಕೆ.ಆರ್. ನಾರಾಯಣನ್ ಅವರು 1997ರ ಜುಲೈ 25ರಂದು ರಾಷ್ಟ್ರಪತಿಗಳಾದರು. ಚಾಮರಾಜನಗರ ಜಿಲ್ಲೆಯಾದದ್ದೂ ಅದೇ ವರ್ಷ. ಈ ಊರಿಗೂ ಒಂದು ಬಗೆಯ ಅಸ್ಪೃಶ್ಯತೆ ಅಂಟಿತ್ತೆಂಬುದು ವಿನೋದ: ಇಲ್ಲಿ ಕಾಲಿಟ್ಟ ಮುಖ್ಯಮಂತ್ರಿಗಳ ಕುರ್ಚಿ ಉಳಿಯದೆಂಬ ಮೂಢನಂಬಿಕೆಯಿಂದ ಹಲವರು ಬರಲೇ ಅಂಜುತ್ತಿದ್ದರು. 2013ರಲ್ಲಿ ಸಿದ್ದರಾಮಯ್ಯನವರು ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷವನ್ನೂ ಪೂರೈಸಿದರು. ಊರಿನ ಮೈಲಿಗೆ ಇಷ್ಟು ಸುಲಭವಾಗಿ ಕಳೆಯಿತು.

ಮನುಷ್ಯರದು ಹಾಗಲ್ಲ. 2022ರ ಜುಲೈ 25ರಂದು ಆದಿವಾಸಿ ಸಮುದಾಯದ ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಗಳಾದರು. ನಾಲ್ಕು ತಿಂಗಳು ತುಂಬುವ ಮೊದಲೇ, ನಮ್ಮ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಿಂದ ಸುದ್ದಿ ಬಂದಿತು. ಮದುವೆಗೆಂದು ಬಂದಿದ್ದ ದಲಿತ ಹೆಂಗಸೊಬ್ಬಳು ಬೀದಿಯ ತೊಂಬೆಯ ನಲ್ಲಿಯಿಂದ ನೀರು ಕುಡಿದಳೆಂದು, ಆ ತೊಂಬೆಯ ನೀರನ್ನೆಲ್ಲ ಹೊರಹರಿಸಿ ಗಂಜಲದಿಂದ ತೊಳೆದರೆಂದು ಪತ್ರಿಕೆಗಳು ಬರೆದವು. ಆಲೂರಿನಿಂದ ಒಬ್ಬಾತ ರಾಜಭವನಕ್ಕೆ ಹೋಗಿಬಂದಿದ್ದ ತಾಲ್ಲೂಕು ಇದು. ಮೊಕದ್ದಮೆ ದಾಖಲಾಯಿತು. ಅಧಿಕಾರಿಗಳು ದಲಿತರನ್ನು ಜೊತೆಗೆ ಕರೆದುಕೊಂಡು ಊರಿನ ತೊಂಬೆಗಳ ಬಳಿಗೆ ಹೋಗಿ, ಎಲ್ಲರ ಕಣ್ಣೆದುರಿಗೆ ನೀರು ಕುಡಿಸಿದರು.